ಮೂರ್ತಿಯ ಮೊಣಕೈ

ಮೂರ್ತಿ ಚಿಕ್ಕದಾದರೂ ತುರಿಕೆ ದೊಡ್ಡದು ಎಂದು ನಮ್ಮ ಹಿರಿಯರು ಗಾದೆ ಮಾಡಿಟ್ಟಿದ್ದಾರೆ. ನಿಮ್ಮ ಊರಿನಲ್ಲಿ ಈ ಗಾದೆ ಬೇರೆ ಥರ ಇದ್ದರೆ ತಪ್ಪು ಗಾದೆಯದಲ್ಲ, ನಿಮ್ಮ ಊರಿನದು. ನಿಮ್ಮಲ್ಲಿ ಮೂರ್ತಿಗಳು ಕಲ್ಲಿನವು, ಅವಕ್ಕೆ ಮೂಗು ತುರಿಸುವುದಿಲ್ಲ. ಈಗ ನಾನು ಹೇಳುವುದು ನಡೆದ ಕಥೆ, ನಡೆದದ್ದು ನನ್ನ ಮೇಲೆಯೇ. ಇದರಲ್ಲಿ ಎಳ್ಳಷ್ಟು ಸುಳ್ಳಿದ್ದರೂ ನನ್ನ ಬಲಗೈ ಮತ್ತೆ ನೆಟ್ಟಗಾಗಿ ಹೋಗಲಿ.

ನಮ್ಮ ಊರ ನಡುಚೌಕದಲ್ಲಿ ಕರಿಕಲ್ಲಿನ ಎತ್ತರದ ಕಟ್ಟೆ ಇದೆ. ದೀಪಾವಳಿ ಪಾಡ್ಯದಂದು ಊರಿನವರೊಬ್ಬರು ಅದನ್ನು ಹತ್ತಿ ಮೂರ್ತಿಯಾಗುತ್ತಾರೆ, ಯುಗಾದಿಯಂದು ಇಳಿಯುತ್ತಾರೆ. ಉಳಿದ ದಿನ ಕಟ್ಟೆಗೆ ತಾಡಪತ್ರಿ ಹೊದಿಸಿರುತ್ತಾರೆ. ಓಣಿಗೊಂದು ಸರದಿ. ಯಾವ ಭಂಗಿಯಲ್ಲಿ ನಿಲ್ಲಬೇಕೆಂದು ಓಣಿಯವರೇ ಕೂತು ಜಗಳಾಡಿ ಗೊತ್ತುಮಾಡುತ್ತಾರೆ. ಒಮ್ಮೆ ಕೈ ಎತ್ತಿ ಉಸಿರು ಬಿಗಿಹಿಡಿದರೆ ಮುಗಿಯಿತು, ಆಮೇಲೆ ರೆಪ್ಪೆಯೂ ಬಡಿಯುವುದಿಲ್ಲ. ಕಟ್ಟೆಯ ಮೇಲೆ ನಿದ್ದೆ ಇಲ್ಲ, ದಾಹವಿಲ್ಲ, ಹಸಿವಿಲ್ಲ. ಹಸಿವು ಕೆಳಗಿನ ಮೆಟ್ಟಿಲ ಬಳಿ ಬಿಟ್ಟ ಚಪ್ಪಲಿಯ ಹಾಗೆ ಕಾಯುತ್ತಿರುತ್ತದೆ, ಇಳಿದ ಕೂಡಲೇ ಅಷ್ಟೂ ತಿಂಗಳದ್ದು ಒಟ್ಟಿಗೆ ಮೈಗೆ ಹತ್ತುತ್ತದೆ. ಇಳಿದವರು ಯುಗಾದಿಯಿಂದ ಮುಂದಿನ ದೀಪಾವಳಿಯವರೆಗೆ ಬಕಾಸುರನ ಸೋದರಳಿಯಂದಿರಂತೆ ಉಣ್ಣುವುದು ಇಲ್ಲಿ ಯಾರಿಗೂ ಸೋಜಿಗವಲ್ಲ.

ಆ ವರ್ಷ ನಮ್ಮ ಓಣಿಯ ಸರದಿ. ಓಣಿ ನನ್ನನ್ನು ಆರಿಸಿತು. ನನ್ನ ಹೆಸರು ಅಂದಾನಿ. ಬಿ.ಎ. ಓದಿದ್ದೇನೆ, ಬಿ.ಎ. ಎಂದರೆ ಬಾಯಿ ಅಗಲ ಎಂದು ನಾನೇ ಎಲ್ಲರಿಗೂ ಬಿಡಿಸಿ ಹೇಳಿದ್ದೇನೆ. ಊರಿನಲ್ಲಿ ನನಗೆ ಬಾರದ ದನಿಯಿಲ್ಲ, ನಡೆಯಿಲ್ಲ. ಪುರಸಭೆಯ ಅಧ್ಯಕ್ಷರು ಭಾಷಣಕ್ಕೆ ಮೊದಲು ಮೂರು ಸಲ ಗಂಟಲು ಸರಿಮಾಡಿಕೊಂಡು ನಾಲ್ಕನೆಯ ಸಲ ಮಾತು ಮರೆಯುವುದು, ಪೈಲ್ವಾನ ದುರಗಪ್ಪ ಸಣ್ಣ ಕಪ್ಪಿನಲ್ಲಿ ಚಹಾ ಕುಡಿಯುವಾಗ ಕಿರುಬೆರಳು ಎತ್ತುವುದು, ಎಲ್ಲವನ್ನೂ ಸಂಜೆ ನಮ್ಮ ಮನೆಯ ಕಟ್ಟೆಯಲ್ಲಿ ಮಾಡಿ ತೋರಿಸುತ್ತಿದ್ದೆ. ಅಂಥವನು ಮೂರ್ತಿಯಾಗುತ್ತಾನೆ ಎಂದಾಗ ನನ್ನ ಹೆಂಡತಿ ನಿಂಬವ್ವ ಹಿಟ್ಟಿನ ಕೈಯನ್ನೇ ಬಾಯ ಮೇಲೆ ಇಟ್ಟುಕೊಂಡಳು.

"ಅಲ್ರೀ, ಊಟಕ್ಕ ಕುಂತಾಗೂ ಸುಮ್ನ ಇರದ ಮನಶ್ಯಾ ನೀವು. ನಿಮ್ಮನ್ನ ಯಾಕ ಆರಿಸ್ಯಾರ?"

"ಅದಕ್ಕ ಆರಿಸ್ಯಾರ. ಯುಗಾದಿ ಮಟಾ ಓಣಿಗೆ ಶಾಂತಿ ಇರ್ಲಿ ಅಂತ."

ಭಂಗಿ ದಾರಿ ತೋರಿಸುವುದೆಂದು ಗೊತ್ತಾಯಿತು. ಬಲಗೈ ಮುಂದಕ್ಕೆ ಚಾಚಿ ತೋರುಬೆರಳು ದೂರದ ಗುಡ್ಡಕ್ಕೆ, ಎಡಗೈಯಲ್ಲಿ ತಗಡಿನ ಸುರುಳಿ. ನಾನು ಉಸಿರು ಬಿಗಿಹಿಡಿದ ಮೇಲೆ ಯಾರಿಗೋ ಹೊಳೆಯಿತು: ಬೆರಳಿಗೂ ಗುಡ್ಡಕ್ಕೂ ನಡುವೆ ಪುರಸಭೆಯ ಮೂತ್ರಖಾನೆ ಇತ್ತು. ತಿದ್ದುವಂತಿರಲಿಲ್ಲ. ಆ ಚಳಿಗಾಲ ಪೂರ್ತಿ ಸಂತೆಗೆ ಬಂದ ಪರಸ್ಥಳದವರು ನನ್ನ ಮುಖ ನೋಡಿ, ಬೆರಳು ನೋಡಿ, ಕೃತಜ್ಞತೆಯಿಂದ ಅತ್ತ ಓಡುತ್ತಿದ್ದರು. ಊರಿಗೆ ಇಷ್ಟು ಉಪಯೋಗಕ್ಕೆ ಬಂದ ಮೂರ್ತಿ ಮತ್ತೊಂದಿಲ್ಲ. ನಿಂಬಿ ದಿನಾ ಬೆಳಿಗ್ಗೆ ಏಣಿ ಹಚ್ಚಿ ಬಂದು ನನ್ನ ಹೆಗಲ ಮೇಲಿನ ಪಾರಿವಾಳದ ಹಿಕ್ಕೆ ಒರೆಸಿ ಹೋಗುತ್ತಿದ್ದಳು.

ಯುಗಾದಿಯಂದು ಹಲಗೆ ಬಾರಿಸುತ್ತ ನನ್ನನ್ನು ಇಳಿಸಿದರು. ಕೊನೆಯ ಮೆಟ್ಟಿಲಿಗೆ ಕಾಲಿಟ್ಟೆನೋ ಇಲ್ಲವೋ, ಹಸಿವು ಬಂದು ಕೊರಳಪಟ್ಟಿ ಹಿಡಿಯಿತು. ಅಧ್ಯಕ್ಷರು ಬೇವುಬೆಲ್ಲವನ್ನು ಚಾಚಿದ ಅಂಗೈಗೇ ಹಾಕಿದರು. ಬಾಯಿಗೆ ಹಾಕಿಕೊಳ್ಳಲು ಹೋದೆ. ಕೈ ಬರಲಿಲ್ಲ. ಮಳೆಗಾಲಕ್ಕೆ ಉಬ್ಬಿದ ಬಾಗಿಲನ್ನು ಒಳಗಿನಿಂದ ಯಾರೋ ಒತ್ತಿ ಹಿಡಿದಂತೆ ಮೊಣಕೈ ಅಲ್ಲೇ ನಿಂತಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಗಾದೆಯನ್ನು ತಿರುಚುವ ಅಗತ್ಯವೇ ನನಗೆ ಬೀಳಲಿಲ್ಲ. ಇದ್ದ ಹಾಗೇ ಬಂದು ಮೈಮೇಲೆ ಕೂತಿತು.

ಕಾಲುಗಳೂ ಮರಗಟ್ಟಿದ್ದವು. ಆದರೆ ಕಾಲಿಗೆ ಕೀರ್ತಿಯ ಚಿಂತೆ ಇಲ್ಲ. ಮನೆಗೆ, ಹಿತ್ತಲಿಗೆ, ಚೌಕಕ್ಕೆ ನಡೆದು ನಡೆದು ಅವು ಸಡಿಲಾದವು. ಕೆಳಗೆ ಇಳಿಬಿಟ್ಟಿದ್ದ ಎಡಗೈಯೂ ಬೇಗ ಬಂತು. ಬಲಗೈ ಮಾತ್ರ ಚಾಚಿದ್ದು ಚಾಚಿದ ಹಾಗೇ. ತೋಳು ಸೊರಗಿ ಜೋಳದ ದಂಟಾಗಿತ್ತು. ಹೆಗಲಿನಿಂದ ಕೆಳಗೆ ಇಳಿಸಬಲ್ಲೆ, ಮೇಲೆತ್ತಬಲ್ಲೆ, ಮಡಿಸಲಾರೆ. ಮಡಿಸಲು ಹೋದರೆ ಮೊಣಕೈಯ ಒಳಗೆ ಒಣಗಿದ ಚರ್ಮವನ್ನು ಎರಡು ಕಡೆ ಹಿಡಿದು ಜಗ್ಗಿದಂತೆ.

ದುರಗಪ್ಪ ನನ್ನ ಗೆಳೆಯ. ಗರಡಿಯಿಂದ ನೇರ ಮನೆಗೆ ಬಂದ. "ಇಷ್ಟ ಅಲ್ಲೇನಲೇ? ಒಂದ ಹಿಚಕ. ಕಣ್ಣ ಮುಚ್ಚು" ಎಂದ. ಒಂದು ಅಂಗೈ ತೋಳಿಗೆ ಕೊಟ್ಟು ಇನ್ನೊಂದರಲ್ಲಿ ಮುಂಗೈ ಹಿಡಿದು ಮಡಿಸಿಯೇಬಿಟ್ಟ. ಒಳಗೆ ಏನೋ ಟಪ್ಪೆಂದಿತು. ನಾನು ಕೂಗಿದೆ. ಊರಿನ ಎಲ್ಲರ ದನಿಯಲ್ಲೂ ಕೂಗಬಲ್ಲ ನಾನು ಅಂದು ಕೂಗಿದ್ದು ನನ್ನ ದನಿಯಲ್ಲಿ. ನನ್ನ ದನಿ ಹೀಗಿದೆ ಎಂದು ಓಣಿಗೆ ಗೊತ್ತಾದದ್ದು ಅವತ್ತೇ. ಅದು ಕುರಿಯದಕ್ಕಿಂತ ಸ್ವಲ್ಪ ಸಣ್ಣದು. ಹೆಂಗಸರು ಕದ ತೆರೆದು ನೋಡಿ, ಮೂರ್ತಿಯೇ ಕೂಗಿದ್ದು ಎಂದು ತಿಳಿದು, ನೋಡದವರಂತೆ ಕದ ಹಾಕಿಕೊಂಡರು. ಅವರು ನಕ್ಕಿದ್ದರೆ ಚೆನ್ನಾಗಿತ್ತು.

ಮೊಣಕೈ ಗಜ್ಜುಗದ ಕಾಯಿಯಂತೆ ಬಾತು ಕೆಂಪಾಯಿತು. ಅಷ್ಟಿಷ್ಟು ಅಲುಗುತ್ತಿದ್ದದ್ದೂ ನಿಂತಿತು. ದುರಗಪ್ಪ ಮುಖ ಬಾಡಿಸಿಕೊಂಡು ಹೋದ. ಅಂದಿನಿಂದ ಯಾರಾದರೂ ಕೈ ಹತ್ತಿರ ಬಂದರೆ ನಾನು ಅರ್ಧ ಅಂಗಳ ಹಿಂದೆ ಸರಿಯುತ್ತಿದ್ದೆ. "ಮೂರ್ತಿಯ ಕೈ, ಮುಟ್ಟಬಾರದು" ಎನ್ನುತ್ತಿದ್ದೆ. ಹೆದರಿಕೆಗೆ ಇಷ್ಟು ಮರ್ಯಾದೆಯ ಹೆಸರು ಸಿಕ್ಕಮೇಲೆ ಅದನ್ನು ಬಿಡುವವರು ಯಾರು?

ಉಣಿಸುವ ಕೆಲಸ ನಿಂಬಿಯದಾಯಿತು. ಎಡಗೈಯಿಂದ ಉಣ್ಣಲು ನಮ್ಮ ಮನೆಯಲ್ಲಷ್ಟೇ ಅಲ್ಲ, ನಮ್ಮ ಊರಿನ ನಾಯಿಗಳಲ್ಲೂ ಒಪ್ಪಿಗೆಯಿಲ್ಲ. ಬೆಳಿಗ್ಗೆ ಕೂತರೆ ರೊಟ್ಟಿ ಮುರಿದು ಸಾರಿನಲ್ಲಿ ನೆನೆಸಿ ತುತ್ತು ಮಾಡಿ ಇಡುವುದು, ನಾನು ನುಂಗುವುದು, ಬಾಯಿ ತೆರೆಯುವುದು. ಐದು ತಿಂಗಳ ಹಸಿವು. ತುತ್ತು ಬಾಯಿಗೆ ಬರುವ ಮೊದಲೇ ಹೊಟ್ಟೆ ಮುಂದಿನದನ್ನು ಕೇಳುತ್ತಿತ್ತು. ಬೆಳಗಿನದು ಮುಗಿಯುವಾಗ ಮಧ್ಯಾಹ್ನದ್ದು, ಅದು ಮುಗಿಯುವಾಗ ಸಂಜೆಯದು. ಅವಳು ಯಾವಾಗ ಉಣ್ಣುತ್ತಾಳೆ ಎಂದು ನಾನು ಕೇಳಲಿಲ್ಲ. ಒಂದು ದಿನ ಅವಳು ನೀರಿನ ಕೊಡವನ್ನು ಎಡಗೈಯಿಂದ ಎತ್ತುವುದು ಕಂಡಿತು. ಬಲಗೈಯ ಮಣಿಕಟ್ಟು ಬಾತಿತ್ತು, ಬಳೆ ತೆಗೆದು ಗೂಟಕ್ಕೆ ತೂಗುಹಾಕಿದ್ದಳು. ನಾನು ನೋಡಲಿಲ್ಲ ಎನ್ನುವಂತೆ ಗುಡ್ಡದ ಕಡೆ ಬೆರಳು ಮಾಡಿಕೊಂಡು ನಿಂತೆ.

ಊರಲ್ಲಿ ನನ್ನ ಕಥೆ ಬೇರೆ. ಚೌಕದ ಕಟ್ಟೆಯ ಕೆಳಗೊಂದು ಕಲ್ಲುಬೆಂಚು ಇದೆ, ಮೂರ್ತಿಸಾಲು ಎನ್ನುತ್ತಾರೆ. ಇಳಿದಮೇಲೂ ಕೈಕಾಲು ಮರಳದವರು ಅದರಲ್ಲಿ ಕೂರುತ್ತಾರೆ, ಕೂತವರಿಗೆ ಜನ ಕೈಮುಗಿದು ಹೋಗುತ್ತಾರೆ. ಮುಂದಿನ ದೀಪಾವಳಿಯಂದು, ಹೊಸ ಮೂರ್ತಿ ಹತ್ತುವ ಮೊದಲು, ಹಿಂದಿನವನಿಗೆ ಅಧ್ಯಕ್ಷರು ಒಂದು ವಸ್ತ್ರ ಕೊಟ್ಟು "ಮುಖ ಒರೆಸಿಕೋ" ಎನ್ನುತ್ತಾರೆ. ಒರೆಸಿಕೊಂಡರೆ ಅವನು ಬರೀ ಮನುಷ್ಯ, ಮನೆಗೆ ಹೋಗಬಹುದು. ಆಗದಿದ್ದರೆ ಚಪ್ಪಾಳೆ, ಬೆಂಚಿನಲ್ಲಿ ಜೀವಮಾನದ ಜಾಗ. ಅಲ್ಲಿಯವರೆಗೆ ಬೆಂಚಿನ ತುದಿಯಲ್ಲಿ ಉಮೇದುವಾರನಾಗಿ ಕೂರಬಹುದು. ನಾನು ಗಂಜಿ ಹಾಕಿದ ಎತ್ತರದ ಕಾಲರಿನ ಕೋಟು ತೊಟ್ಟು, ಎಡಗೈಯಲ್ಲಿ ಸುರುಳಿ ಹಿಡಿದು ದಿನಾ ಸಂಜೆ ಹೋಗಿ ಕೂರತೊಡಗಿದೆ. ಬಾಗದ ಕೈಗೆ ನಮ್ಮೂರಲ್ಲಿ ಎರಡೇ ಹೆಸರು: ಮನೆಯಲ್ಲಿ ಕೊರಡು, ಬೆಂಚಿನಲ್ಲಿ ಕೀರ್ತಿ. ಮನೆಯ ಹೆಸರನ್ನು ಮರೆಯಲು ಬೆಂಚಿನದು ಬೇಕಾಗಿತ್ತು.

ಬೆಂಚಿನ ನಡುವೆ ಚನ್ನವೀರಪ್ಪ ಮಾಸ್ತರರು ಕೂರುತ್ತಿದ್ದರು. ಅವರದು ಆಶೀರ್ವಾದದ ಭಂಗಿ. ಮಡಿಚಿದ ಬಲಗೈ, ಮುಂದೆ ಮಾಡಿದ ಅಂಗೈ, ಹಾಗೇ ಗಟ್ಟಿಯಾಗಿ ವರ್ಷಗಟ್ಟಲೆ ಆಗಿತ್ತು. ಎಡತೋಳಿನಲ್ಲಿ ಪುಸ್ತಕ ಅವುಚಿದ್ದು, ಅದೂ ಹಾಗೇ. ಅವರ ಆ ಕೈಯನ್ನು ನಾನು ಎಷ್ಟು ಸಂಜೆ ನಮ್ಮ ಮನೆಯ ಕಟ್ಟೆಯಲ್ಲಿ ಮಾಡಿ ತೋರಿಸಿದ್ದೆನೋ. ಈಗ ಪಕ್ಕದಲ್ಲಿ ಕೂತಾಗ ಅವರ ಮುಖ ನೋಡಲಾರದೆ ಬೆರಳಿನ ತುದಿಯನ್ನೇ ನೋಡುತ್ತಿದ್ದೆ. ಒಂದು ಸಂಜೆ ಚೌಕ ಖಾಲಿಯಿದ್ದಾಗ ಅವರು ತುಟಿ ಅಲುಗಿಸದೆ ಪಿಸುಗುಟ್ಟಿದರು.

"ಅಂದಾನಿ, ತಮ್ಮಾ, ನನ್ನ ಕನ್ನಡಕ ಜಾರೇದ. ಸ್ವಲ್ಪ ಮ್ಯಾಲ ದಬ್ಬಪಾ."

ನಾನು ಸೊಂಟ ತಿರುಗಿಸಿ ಚಾಚಿದ ಕೈಯನ್ನು ತಂದು ತೋರುಬೆರಳಿನಿಂದ ಅವರ ಕನ್ನಡಕವನ್ನು ಮೂಗಿನ ಮೇಲಕ್ಕೆ ದೂಡಿದೆ. ದಾರಿ ತೋರಿಸುವ ಬೆರಳು ಮೊದಲ ಸಲ ಗುರಿ ಮುಟ್ಟಿತು.

"ಉಪಕಾರ ಆತು. ನಿನಗ ಎಲ್ಯರ ತುರಸ್ತದೇನು? ಸಂಕೋಚ ಬ್ಯಾಡ. ಇಲ್ಲಿ ಕುಂತವರಿಗೆಲ್ಲಾ ತುರಸ್ತದ."

"ಮೂಗು ತುರಸ್ತದ್ರಿ ಮಾಸ್ತರ. ಸುರುಳಿ ಕೆಳಗ ಇಡೂಹಂಗಿಲ್ಲ."

"ಹಂಗಾದ್ರ ಬಾ. ಕೈ ಐತಿ. ನೀನ ಬಂದು ತಿಕ್ಕೊ."

ನಾನು ಬಗ್ಗಿ ಅವರ ಅಂಗೈಗೆ ಮೂಗು ಒತ್ತಿ ಆ ಕಡೆ ಈ ಕಡೆ ಉಜ್ಜಿದೆ. ಸ್ವರ್ಗಸುಖ. ಕಣ್ಣು ತೆರೆದರೆ ಎದುರಿಗೆ ಕಾಯಿಪಲ್ಲೆ ಬುಟ್ಟಿ ಹೊತ್ತ ಹೆಂಗಸರಿಬ್ಬರು ಬುಟ್ಟಿ ಇಳಿಸಿ, ಸೆರಗು ಮುಂದೆ ಮಾಡಿ, ಕಣ್ಣೀರು ತುಂಬಿಕೊಂಡು ನಿಂತಿದ್ದರು. "ಹಿರೀ ಮೂರ್ತಿ ಸಣ್ಣ ಮೂರ್ತಿಗೆ ಆಶೀರ್ವಾದ ಮಾಡಾಕತ್ತೈತಿ ನೋಡ" ಎಂದಳು ಒಬ್ಬಳು. ಇಬ್ಬರೂ ಅಡ್ಡಬಿದ್ದು ಹೋದರು.

ಆಮೇಲೆ ಅವರೇ ಹೇಳಿದರು. "ನಂದು ಇಳಿದ ಮರುದಿನನ ಚೂರು ಬಿಚ್ತಿತ್ತು ತಮ್ಮಾ. ಜನ ಬಂದು ಕಾಲಿಗೆ ಬಿದ್ರು. ಬಿಚ್ಚಿದ್ರ ಇವರಿಗೆಲ್ಲಾ ಹ್ಯಾಂಗ ಆಶೀರ್ವಾದ ಮಾಡ್ಲಿ ಅಂತ ನಾನು ಅದನ್ನ ಬಿಟ್ಟೆ. ಆಮ್ಯಾಲ ಅದು ನನ್ನ ಬಿಡಲಿಲ್ಲ. ಈಗ ಸ್ವಸಿ ಉಣಸ್ತಾಳ. ಅಕಿ ಮಾರಿ ನೋಡಬಾರದು ಅಂತ ಕಣ್ಣ ಮುಚಗೊಂಡ ಉಣ್ತೀನಿ. ಅದು ಧ್ಯಾನ ಅಂತಾರ ಮಂದಿ."

ಅದನ್ನು ಕೇಳಿಯೂ ನಾನು ಬೆಂಚು ಬಿಡಲಿಲ್ಲ. ದುರಗಪ್ಪನ ಹಿಡಿತದ ನೆನಪು ಮಾಸ್ತರರ ಮಾತಿಗಿಂತ ದೊಡ್ಡದಿತ್ತು.

ಒಂದು ಬೆಳಿಗ್ಗೆ ನಿಂಬಿ ಉಣಿಸಲು ಬರಲಿಲ್ಲ. ಬದಲಿಗೆ ಒಂದು ಸೌಟು ತಂದಳು. ತೆಂಗಿನ ಚಿಪ್ಪಿಗೆ ತೆಳ್ಳನೆಯ ಬಿದಿರಿನ ಹಿಡಿ, ನನ್ನ ಕೈಯಷ್ಟು ಉದ್ದ. ತುದಿಗೆ ಹಳೆಯ ಸೀರೆಯ ಅರಿವೆ ಸುತ್ತಿದ್ದಳು. ಊಟದ ಗಂಗಾಳವನ್ನು ಸ್ಟೂಲಿನ ಮೇಲೆ ಎದೆಮಟ್ಟಕ್ಕೆ ಇಟ್ಟಳು.

"ಇದೇನು?"

"ಮೂರ್ತಿಗೆ ತಕ್ಕ ಚಮಚಾ. ಕೈ ಚಾಚೇ ಇರ್ಲಿ, ತುದಿ ಹಿಡಕೋರಿ, ಚಿಪ್ಪು ನಿಮ್ಮ ಬಾಯಿ ಕಡೆ ತಿರಗ್ಲಿ. ಹಾಂ, ಮುಂಗೈ ತಿರುವ್ರಿ."

ಮೊದಲ ದಿನ ಅನ್ನ ಕಿವಿಗೆ ಹೋಯಿತು, ಸಾರು ಮೀಸೆಗೆ. ಆದರೆ ನಾಲ್ಕಾರು ದಿನದಲ್ಲಿ ಗುರಿ ಸಿಕ್ಕಿತು. ನನ್ನ ಕೈಯಿಂದ ನನ್ನ ಬಾಯಿಗೆ! ಸಂತೋಷಕ್ಕೆ ಕಬ್ಬಿಣದ ಸಲಾಕೆ ಕಾಯಿಸಿ ಎಡಗೈಯಲ್ಲೇ ಹಿಡಿಯ ತುದಿಗೆ 'ಅಂದಾನಿ ಬಿ.ಎ.' ಎಂದು ಸುಟ್ಟು ಬರೆದೆ, ಬೇರೆ ಯಾರೂ ಮುಟ್ಟದಿರಲೆಂದು. ನಿಂಬಿ ಅದರ ಮೇಲೆ ಮತ್ತೆ ಅರಿವೆ ಸುತ್ತಿದಳು. ದಿನಾ ಮಧ್ಯಾಹ್ನ ನಾನು ಅಡ್ಡಾದಾಗ ಅರಿವೆ ಬಿಚ್ಚಿ ಒಗೆಯುವುದು, ಹೊಸದು ಸುತ್ತುವುದು ಅವಳ ಕೆಲಸ. "ಎಂಜಲ ಆಗಿರ್ತೈತಿ" ಎನ್ನುತ್ತಿದ್ದಳು.

ಊಟಕ್ಕೆ ಮೊದಲು ಇನ್ನೊಂದು ಶಾಸ್ತ್ರ ಶುರುವಾಯಿತು. ಚಂಬಿನಲ್ಲಿ ಬಿಸಿನೀರು ತಂದು ನನ್ನ ಮೊಣಕೈ ಮೇಲೆ ಸಣ್ಣಗೆ ಧಾರೆ ಬಿಡುವುದು. ಮುಟ್ಟಬಾರದು ಎಂದೆ. "ನಾ ಎಲ್ಲಿ ಮುಟ್ಟಾಕತ್ತೀನಿ? ಅಭಿಷೇಕ ಇದು. ಮೂರ್ತಿ ಅಂದ್ರ ಅಭಿಷೇಕ ಬ್ಯಾಡೇನು?" ಎಂದಳು. ಅಭಿಷೇಕಕ್ಕೆ ಬೇಡ ಎನ್ನುವ ಮೂರ್ತಿ ಎಲ್ಲಿದೆ? ಬೆಳಿಗ್ಗೆ ಎದ್ದಾಗ ಕಲ್ಲಾಗಿರುತ್ತಿದ್ದ ಮೊಣಕೈ ಆ ನೀರಿಗೆ ಬೆಲ್ಲದಂತೆ ಮೆತ್ತಗಾಗುತ್ತಿತ್ತು.

ಕೆಲವು ಸಲ ಚಿಪ್ಪು ತುಟಿಯ ಮುಂದೆ ಬಂದು ನಿಲ್ಲುತ್ತಿತ್ತು. ನಾನು ಕುತ್ತಿಗೆ ಮುಂದೆ ಚಾಚಲು ಹೋದರೆ ಕಾಲರು ಗಲ್ಲಕ್ಕೆ ಒತ್ತುತ್ತಿತ್ತು. ಮನೆಯಲ್ಲೂ ಆ ಕೋಟು ಬಿಚ್ಚಬಾರದೆಂದು ಅವಳ ಅಪ್ಪಣೆ.

"ಕುತ್ತಿಗಿ ಬಗ್ಗಸಬ್ಯಾಡ್ರಿ. ಮೂರ್ತಿ ಎಲ್ಯರ ಅನ್ನ ಕಂಡು ಕುತ್ತಿಗಿ ಚಾಚತೈತೇನು? ಮಂದಿ ಏನಂದಾರು."

"ಸಿಗವಲ್ದಲ್ಲ ನಿಂಬೀ!"

"ಸಿಗತೈತಿ. ಸಾವಕಾಶ. ನಿಮಗ ಯಾರಾರ ಅವಸರ ಮಾಡ್ಯಾರೇನು?"

ನಾನು ಗೊಣಗುತ್ತ ಕೈಯನ್ನು ಚೂರು ಒಳಗೆ ತರುತ್ತಿದ್ದೆ. ಎಳೆತ ಬರುತ್ತಿತ್ತು, ಒಂದು ಗಳಿಗೆ ಅಲ್ಲೇ ನಿಲ್ಲುತ್ತಿದ್ದೆ, ಎಳೆತ ಕರಗುತ್ತಿತ್ತು, ಚಿಪ್ಪು ಬಾಯಿಗೆ ಬರುತ್ತಿತ್ತು. ತುತ್ತಿಗೊಮ್ಮೆ ಇದೇ. ಎಷ್ಟು ತುತ್ತು ಎಂದು ಐದು ತಿಂಗಳು ಹಸಿದವನನ್ನು ಕೇಳಬೇಡಿ. ಒಂದು ದಿನ ಮಾತ್ರ ಚಿಪ್ಪು ಬಹಳ ದೂರ ನಿಂತಿತು. ಹಸಿವಿನ ಸಿಟ್ಟಿಗೆ ಕೈ ಜಗ್ಗಿದೆ. ಮೊಣಕೈ ಮತ್ತೆ ಬಿಸಿಯಾಗಿ ಬಾತಿತು. ನಾನು ಅವಳ ಮೇಲೆ, ಸೌಟಿನ ಮೇಲೆ, ಅವಳ ತವರಿನ ಮೇಲೆ ಹರಿಹಾಯ್ದೆ. ಅವಳು ಸೌಟು ಎತ್ತಿಕೊಂಡು ಒಳಗೆ ಹೋದಳು. ಮರುದಿನ ಅದೇ ಸೌಟು ಸಲೀಸಾಗಿ ಬಾಯಿಗೆ ಬಂತು. ನನ್ನ ಬೈಗುಳಕ್ಕೆ ಸೌಟೂ ಹೆದರಿತು ಎಂದುಕೊಂಡೆ.

ನಿಮಗೆ ಇಷ್ಟರಲ್ಲಿ ಗೊತ್ತಾಗಿರಬೇಕು. ನನಗೆ ಗೊತ್ತಾಗಲಿಲ್ಲ. ದಿನಾ ಕನ್ನಡಿ ನೋಡುವವನಿಗೆ ತಲೆ ಬೋಳಾಗುವುದು ತಿಳಿಯುತ್ತದೆಯೇ? ಮನೆಯಲ್ಲಿ ನನಗೆ ಕೈ ಇರಲಿಲ್ಲ, ಸೌಟು ಇತ್ತು. ಉಂಡು ಎದ್ದಕೂಡಲೆ ಅಭ್ಯಾಸದಿಂದ ಕೈ ಚಾಚಿಕೊಂಡು ಬೆಂಚಿಗೆ ಹೊರಡುತ್ತಿದ್ದೆ. ಬೆಂಚಿನಲ್ಲಿ ಒಮ್ಮೊಮ್ಮೆ ನೊಣ ಬಂದಾಗ ಕೈ ತಾನೇ ಏಳಲು ನೋಡುತ್ತಿತ್ತು. ನಾನು ಅದನ್ನು ಗದರಿಸಿ ನೆಟ್ಟಗೆ ಮಾಡುತ್ತಿದ್ದೆ. ಅಷ್ಟರ ಮಟ್ಟಿಗೆ ನನಗೂ ಗೊತ್ತಿತ್ತು ಎನ್ನಿ. ಗೊತ್ತಿದ್ದದ್ದನ್ನು ಗೊತ್ತಿಲ್ಲದ ಜಾಗದಲ್ಲಿ ಇಟ್ಟಿದ್ದೆ.

ದೀಪಾವಳಿ ಬಂತು. ನರಕ ಚತುರ್ದಶಿಯ ದಿನ ನಾನು ಬೆಂಚಿಗೇರುವ ಭಾಷಣವನ್ನು ಅಧ್ಯಕ್ಷರ ದನಿಯಲ್ಲೇ ಅಭ್ಯಾಸ ಮಾಡುತ್ತಿದ್ದೆ. ನಿಂಬಿ ಎಣ್ಣೆಯ ಬಟ್ಟಲು ಹಿಡಿದುಕೊಂಡು ಬಾಗಿಲಲ್ಲಿ ನಿಂತು ಕೇಳಿದಳು.

"ಖರೇ ಹೇಳ್ರಿ. ನಿಮಗ ಆ ಬೆಂಚ ಬೇಕೇನು?"

"ಮತ್ತೇನ ಮಾಡ್ಲಿ? ಈ ಕೈ ಇಟಗೊಂಡು ಎಲ್ಲಿ ಕುಂದರ್ಲಿ?"

"ನನ್ನ ಮಗ್ಗಲಾಗ ಕುಂದರಬಹುದಿತ್ತು" ಎಂದಳು. ಎಣ್ಣೆಯ ಬಟ್ಟಲನ್ನು ಅಲ್ಲೇ ಇಟ್ಟು ಹೋದಳು. ನಾನು ಭಾಷಣವನ್ನು ಮತ್ತೆ ಮೊದಲಿನಿಂದ ಶುರುಮಾಡಿದೆ, ಅಧ್ಯಕ್ಷರ ದನಿ ಮಾತ್ರ ಬರಲಿಲ್ಲ.

ಪಾಡ್ಯದಂದು ಚೌಕ ತುಂಬಿತ್ತು. ತಾಡಪತ್ರಿ ತೆಗೆದು ಕಟ್ಟೆ ತೊಳೆದಿದ್ದರು. ಹತ್ತುವವಳು ಮಗ್ಗದ ಓಣಿಯ ಹೆಣ್ಣುಮಗಳು, ಹೊಸ ಇಳಕಲ್ ಸೀರೆ ಉಟ್ಟು ಕೆಳಗೆ ಕಾಯುತ್ತಿದ್ದಳು. ಅಧ್ಯಕ್ಷರು ವಸ್ತ್ರ ಹಿಡಿದು ಮೂರು ಸಲ ಗಂಟಲು ಸರಿಮಾಡಿದರು, ನಾಲ್ಕನೆಯ ಸಲ ಮಾತು ಮರೆತರು. ನಾನು ಕೈ ಚಾಚಿ ನಿಂತಿದ್ದೆ, ಮೂತ್ರಖಾನೆಯ ಕಡೆಗೇ. ವಸ್ತ್ರಕ್ಕೆ ಮೊದಲು ಮನೆಯವರ ಮಾಲೆ ಎಂಬುದು ನಮ್ಮ ಪದ್ಧತಿ. ನಿಂಬಿ ಮುಚ್ಚಿದ ಬುಟ್ಟಿಯೊಂದನ್ನು ಹಿಡಿದು ಜನರ ನಡುವಿನಿಂದ ಬಂದಳು. ಹಿಂದೆ ದುರಗಪ್ಪ, ತೋಳು ಕಟ್ಟಿಕೊಂಡು, ನಗು ತಡೆದು ಕೆನ್ನೆ ಉಬ್ಬಿಸಿಕೊಂಡು.

ಅವಳು ಬುಟ್ಟಿಯಿಂದ ಮೊದಲು ತೆಗೆದದ್ದು ಸೌಟು. ನನ್ನ ಸೌಟಿನಂಥದೇ, ಕೈಯುದ್ದದ ಹಿಡಿ. ಜನ್ಮದಲ್ಲಿ ಯಾರನ್ನೂ ಅಣಕಿಸದ ಆ ಹೆಂಗಸು ಎದೆ ಉಬ್ಬಿಸಿ, ಗಲ್ಲ ಮೇಲೆತ್ತಿ, ಕೈ ಚಾಚಿ, ಕಾಗೆಮರಿಯಂತೆ ಬಾಯಿ ತೆರೆದು ಗಾಳಿಯನ್ನು ಉಣ್ಣತೊಡಗಿದಳು. ಕಿವಿಗೆ ಒಂದು ತುತ್ತು, ಮೀಸೆ ಇಲ್ಲದ ಜಾಗಕ್ಕೆ ಒಂದು ತುತ್ತು. ನಾನು! ಪಕ್ಕಾ ನಾನು! ನನ್ನ ಗೊಣಗು, ಕಾಲರು ಒತ್ತಿದಾಗಿನ ನನ್ನ ಹುಬ್ಬು. ಚೌಕ ಹೋ ಎಂದು ನಕ್ಕಿತು. ಅವಳು ಸೌಟು ಬಿಟ್ಟು ಇನ್ನೊಂದನ್ನು ತೆಗೆದಳು. ಅದು ಗೇಣುದ್ದದ್ದು. ಅದರ ಹಿಡಿಯ ತುದಿಯ ಅರಿವೆಯಲ್ಲಿ ನಮ್ಮ ಮನೆಯ ಸೀರೆಯ ಅಂಚು ಇತ್ತು. ಅಂದು ಬೆಳಿಗ್ಗೆ ನಾನು ಉಂಡ ಸೌಟು. ಇಷ್ಟು ಗಿಡ್ಡವಾಗಿದ್ದನ್ನು ನಾನು ಮೊದಲ ಸಲ ನೋಡಿದ್ದು ಅವಳ ಕೈಯಲ್ಲಿ.

ಆಮೇಲೆ ಮಾಲೆ ತೆಗೆದಳು. ನೂಲಿನ ದಾರದಲ್ಲಿ ಪೋಣಿಸಿದ ಬಿದಿರಿನ ತುಂಡುಗಳು. ಬೆರಳಗಲದ ಚಿಕ್ಕ ಚಿಕ್ಕ ತುಂಡು, ನಡುವೆ ಎಲ್ಲೋ ಒಂದು ದೊಡ್ಡದು. ನನ್ನ ಕೊರಳಿಗೆ ಹಾಕಿದಳು. ಕಣ್ಣಿಗೆ ಎದುರಾದ ಎರಡು ತುಂಡುಗಳ ಮೇಲೆ ಸುಟ್ಟ ಅಕ್ಷರ ಕಂಡವು. ಒಂದರಲ್ಲಿ ಬಿ, ಇನ್ನೊಂದರಲ್ಲಿ ಎ.

"ಸುರುವಿಗೇ ನಿಮ್ಮ ಬಿ.ಎ. ಹೋತ್ರಿ" ಎಂದಳು ಸಣ್ಣ ದನಿಯಲ್ಲಿ. "ವಾರಕ್ಕ ಒಂದ ತುಂಡು. ಆ ದೊಡ್ಡದು ಕಡಿದ ದಿನ ನಿಮಗ ಬ್ಯಾನಿ ಆತು. ಮರುದಿನ ತಿರುಗಿ ಜೋಡಿಸಿ ಅರಿವಿ ಸುತ್ತಿದ್ದೆ, ಕೈ ಪಳಗಿದ ಮ್ಯಾಲ ತಗದೆ."

"ಗರಗಸ ನಂದು" ಎಂದ ದುರಗಪ್ಪ. "ಅವತ್ತ ಒಮ್ಮೆಲೆ ಮುರಿಯಾಕ ಹೋಗಿ ಕೆಡಿಸಿದ್ದೆ. ವೈನಿ ಹೇಳಿದ್ರು, ಕೆಡಿಸಿದಾಂವ ಗರಗಸರ ಕೊಡು ಅಂತ."

ನಗು ದೊಡ್ಡದಾಯಿತು. ನನ್ನ ಕಿವಿ ಸುಡತೊಡಗಿತು. ಉಣಿಸಿಕೊಂಡಾಗ, ಕೂಗಿಕೊಂಡಾಗ, ಮಾಸ್ತರರ ಅಂಗೈಗೆ ಮೂಗು ಉಜ್ಜಿದಾಗ ಬಂದ ನಾಚಿಕೆಗಳೆಲ್ಲ ಇದರ ಮುಂದೆ ಚಿಲ್ಲರೆ. ಮಧ್ಯಾಹ್ನ ಮಡಿಸಿದ ಕೈಯನ್ನು ಸಂಜೆ ಚಾಚಿಕೊಂಡು ಬಂದು ಕೂರುವುದನ್ನು ಓಣಿ ಪೂರ್ತಿ ನೋಡುತ್ತಿತ್ತು. ಕೈಮುಗಿದು ನಡೆದವರಲ್ಲಿ ಅರ್ಧ ಜನ ತಿರುವಿನಾಚೆ ಹೋಗಿ ನಕ್ಕಿದ್ದರು. ನಿಂಬಿ ನಗುತ್ತಿರಲಿಲ್ಲ. ನಾನು ಏನು ಮಾಡುತ್ತೇನೋ ಎಂದು ಸೆರಗಿನ ತುದಿ ಹಿಡಿದು ನೋಡುತ್ತಿದ್ದಳು. ಆ ಸೆರಗು ಹಿಡಿದ ಕೈಯ ಹೆಬ್ಬೆರಳಿನ ಮೇಲೆ ಗರಗಸ ತಾಕಿದ ಗೀರುಗಳಿದ್ದವು. ಮಣಿಕಟ್ಟಿಗೆ ಬಳೆ ಮರಳಿ ಬಂದಿತ್ತು. ಅವಳ ಕೈ ಯಾವಾಗ ಸರಿಹೋಯಿತು ಎಂಬುದನ್ನೂ ನಾನು ನೋಡಿರಲಿಲ್ಲ.

ಅಧ್ಯಕ್ಷರಿಗೆ ಮಾತು ನೆನಪಾಯಿತು. "ಅಂದಾನಪ್ಪನವರ, ಮುಖ ಒರಸಕೋರಿ" ಎಂದು ವಸ್ತ್ರ ಮುಂದೆ ಹಿಡಿದರು. ಚೌಕ ಸುಮ್ಮನಾಯಿತು. ನನ್ನ ಕೈ ಚಾಚಿಯೇ ಇತ್ತು. ಇನ್ನೂ ಬೆಂಚು ನನ್ನದಾಗಬಹುದಿತ್ತು. ಬಾಗುವುದಿಲ್ಲ ಎಂದುಬಿಟ್ಟರೆ ಯಾರೂ ಬಂದು ಬಗ್ಗಿಸುತ್ತಿರಲಿಲ್ಲ. ಅಷ್ಟರಲ್ಲಿ ಬೆಂಚಿನಿಂದ ಮಾಸ್ತರರ ದನಿ ಬಂತು.

"ನಿಂಬವ್ವಾ, ನನಗೂ ಒಂದು ಸೌಟು ಮಾಡಿ ಕೊಡವಾ. ಆದ್ರ ನಂದು ಮಡಚಿದ ಕೈ. ನನ್ನ ಸೌಟು ವಾರಾ ವಾರಾ ಬೆಳೀಬೇಕಾಕ್ಕೈತಲ್ಲ?"

ನಿಂಬಿ ಹಿಂದೆಮುಂದೆ ನೋಡಲಿಲ್ಲ. "ಬೆಳಸೂಣಂತ್ರಿ ಮಾಸ್ತರ, ಪೂರಾ ಬರ್ತೈತೋ ಇಲ್ಲೋ, ಕನ್ನಡಕದ ಮಟಾ ಆದ್ರೂ ತರೂಣು. ತುಂಡು ಇಲ್ಲೇ ಅದಾವಲ್ಲ. ಇವರ ಬಿ.ಎ. ಮೊದಲ ನಿಮಗ ಜೋಡಸ್ತೀನಿ."

ಮಾಸ್ತರರು ನಕ್ಕರು. ಅವರು ನಗುವುದನ್ನು ನಾನು ನೋಡಿದ್ದು ಅವತ್ತೇ. ಕನ್ನಡಕ ಜಾರಿತು, ಕಣ್ಣೀರು ಕೆನ್ನೆಗಿಳಿಯಿತು, ಒರೆಸಿಕೊಳ್ಳಲಾರದೆ ನಕ್ಕರು. ನಾನು ಬೆರಳು ಚಾಚಿ ಅವರ ಕನ್ನಡಕ ಮೇಲಕ್ಕೆ ದೂಡಿದೆ, ಕೆನ್ನೆ ಒರೆಸಿದೆ. ನನ್ನ ಕಣ್ಣೂ ಮಂಜಾಗಿತ್ತು. ಅದನ್ನೂ ಒರೆಸಿಕೊಂಡೆ. ವಸ್ತ್ರ ಇನ್ನೂ ಅಧ್ಯಕ್ಷರ ಕೈಯಲ್ಲೇ ಇತ್ತು. ಚೌಕದಲ್ಲಿದ್ದವರೆಲ್ಲ ನನ್ನ ಬಲಗೈಯನ್ನೇ ನೋಡುತ್ತಿದ್ದುದು ಕಂಡು, ಅದು ನನ್ನ ಮುಖದ ಮೇಲಿದೆ ಎಂದು ನನಗೆ ತಿಳಿಯಿತು. ಬಿದಿರಿನ ತುಂಡುಗಳು ಎದೆಯ ಮೇಲೆ ಕಟಕಟ ಅಲುಗಿದವು. ಮೊದಲು ದುರಗಪ್ಪ ಉಬ್ಬಿಸಿದ ಕೆನ್ನೆ ಬಿಟ್ಟು ನಕ್ಕ, ಆಮೇಲೆ ಊರು ನಕ್ಕಿತು, ಸೆರಗು ಬಾಯಿಗೆ ಒತ್ತಿಕೊಂಡು ನಿಂಬಿಯೂ ನಕ್ಕಳು. ಆ ನಗೆಯ ಮೇಲೆಲ್ಲ ಇನ್ನೊಂದು ನಗೆ ಕೇಳುತ್ತಿತ್ತು, ಕುರಿಯದಕ್ಕಿಂತ ಸ್ವಲ್ಪ ಸಣ್ಣ ದನಿ, ಆದರೆ ಎಲ್ಲರದಕ್ಕಿಂತ ಜೋರು. ಊರಿನಲ್ಲಿ ಯಾರ ದನಿ ಹೀಗಿದೆ ಎಂದು ಒಂದು ಗಳಿಗೆ ನಾನೂ ತಿರುಗಿ ನೋಡಿದೆ.